ಮೂವತ್ತೊಂದನೆಯ ಕಲಂ

ಕೂಸು ಹುಟ್ಟಿದ ಮೇಲೂ ಪೂರ್ತಿ ಹೊರಗೆ ಬಂದಿರುವುದಿಲ್ಲ. ಇದು ಕವಿಗಳ ಮಾತಲ್ಲ, ರಕ್ತ ಪರೀಕ್ಷೆ ಮಾಡುವವರ ಮಾತು. ಬಸಿರಿನಲ್ಲಿರುವಾಗ ಮಗುವಿನ ಕೆಲವು ಜೀವಕೋಶಗಳು ಮಾಸಿನ ಗೋಡೆ ದಾಟಿ ಹೊತ್ತವಳ ರಕ್ತಕ್ಕೆ ಇಳಿಯುತ್ತವೆ. ಹೆರಿಗೆಯಾದ ಮೇಲೂ ಅವು ಹಿಂದಿರುಗುವುದಿಲ್ಲ. ಎಲುಬಿನ ಮಜ್ಜೆಯಲ್ಲಿ, ಚರ್ಮದಲ್ಲಿ, ಹೃದಯದಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬಿಡಾರ ಹೂಡಿ ಇಪ್ಪತ್ತು ಮೂವತ್ತು ವರ್ಷ ಇದ್ದುಬಿಡುತ್ತವೆ. ಲೋಕ ಹುಟ್ಟಿದಾಗಿನಿಂದ ಎಲ್ಲ ತಾಯಂದಿರ ಮೈಯಲ್ಲೂ ಇದು ನಡೆದುಕೊಂಡೇ ಬಂದಿದೆ. ಯಾರಿಗೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಆ ಕೋಶಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುವ ಯಂತ್ರ ಬಂದ ಮೇಲೆ. ಹೆಕ್ಕಲು ಬಂತೆಂದರೆ ಮುಗಿಯಿತು, ‘ಇದು ನಂದು’ ಎನ್ನುವವರು ಎಲ್ಲಿಂದಲೋ ಎದ್ದು ಬರುತ್ತಾರೆ.

ನನ್ನ ಹೆಸರು ಪ್ರಫುಲ್ಲಾ. ಹುಬ್ಬಳ್ಳಿಯ ಹೊರಗಿದ್ದ ‘ನವಾಂಕುರ’ ಎಂಬ ಬಾಡಿಗೆ ಬಸಿರಿನ ಸಂಸ್ಥೆಯಲ್ಲಿ ಹನ್ನೊಂದು ವರ್ಷ ತಿಳಿವಳಿಕೆ ಅಧಿಕಾರಿಯಾಗಿದ್ದೆ. ಬಾಡಿಗೆ ಬಸಿರಿನ ಮೇಲಿದ್ದ ನಿಷೇಧ ಎದ್ದುಹೋದ ವರ್ಷವೇ ತೆರೆದ ಸಂಸ್ಥೆ ಅದು. ಹೊಸ ಕಾನೂನಿನಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಬಸಿರು ಹೊರಲು ಬಂದ ಹೆಂಗಸಿಗೆ ಒಪ್ಪಂದದ ಪ್ರತಿಯೊಂದು ಕಲಮನ್ನೂ ಅವಳ ಮಾತಿನಲ್ಲಿ ಓದಿ ಹೇಳಬೇಕು, ಓದಿ ಹೇಳಿದವರು ಕೊನೆಯಲ್ಲಿ ‘ಓದಿ ತಿಳಿಸಿದ್ದೇನೆ’ ಎಂದು ಸಹಿ ಹಾಕಬೇಕು. ಆ ಓದುವ ಕೆಲಸ, ಆ ಸಹಿ ನನ್ನವು. ಕಲಂಗಳು ಒಟ್ಟು ನಲವತ್ತಮೂರು.

ನಾನು ಹೇಗೆ ಓದುತ್ತಿದ್ದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಹನ್ನೆರಡು ಹೆಂಗಸರ ತಂಡ. ಬೆಳಿಗ್ಗೆ ಹತ್ತಕ್ಕೆ ಜಮಖಾನೆಯ ಮೇಲೆ ಕೂತು ಶುರು ಮಾಡುತ್ತಿದ್ದೆವು. ಮೊದಲ ಕಲಂಗಳನ್ನು ಗಿಣಿಗೆ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಹೊತ್ತೇರಿದಂತೆ ಒಬ್ಬಳು ಆಕಳಿಸುವಳು, ಇನ್ನೊಬ್ಬಳು ಊರಿನ ಬಸ್ಸಿನ ಹೊತ್ತು ಕೇಳುವಳು. ಮಧ್ಯಾಹ್ನ ಅವರ ಬುತ್ತಿಯಲ್ಲೇ ನನಗೂ ಪಾಲು. ಊಟವಾದ ಮೇಲೆ ಯಾರಿಗೆ ಕಾನೂನು ಬೇಕು? “ಅಕ್ಕಾರ, ನೀವು ಓದೀರಲ್ಲ, ಸಾಕ್ರಿ. ಎಲ್ಲಿ ಸೈ ಮಾಡೂದು ತೋರಿಸ್ರಿ” ಎನ್ನುತ್ತಿದ್ದರು. “ಉಳಿದದ್ದೂ ಇದೇ ತರಹ ಐತ್ರವ್ವ” ಎಂದು ಇಪ್ಪತ್ತೈದರ ಆಚೆಗಿನ ಹಾಳೆಗಳನ್ನು ನಾನು ಒಟ್ಟಿಗೇ ಮಗುಚುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ. ಅವರ ರೊಟ್ಟಿ ತಿಂದು ಅವರ ಪೈಕಿಯವಳೇ ಆಗಿದ್ದೇನೆ ಎಂದುಕೊಂಡಿದ್ದೆ.

ಹಾಗೆ ಮಗುಚಿದ ಹಾಳೆಗಳಲ್ಲೊಂದು ಮೂವತ್ತೊಂದನೆಯ ಕಲಂ. ಬಸಿರಿನ ನಂತರ ಹೊತ್ತವಳ ದೇಹದಲ್ಲಿ ಉಳಿಯುವ ಶಿಶುವಿನ ಕೋಶಗಳೆಲ್ಲ ಪೋಷಕರ ಸ್ವತ್ತು, ಅವರು ಯಾವಾಗ ಕೇಳಿದರೂ ಪೂರ್ತಿಯಾಗಿ ಒಪ್ಪಿಸತಕ್ಕದ್ದು ಎಂದು ಅದರಲ್ಲಿತ್ತು. ಅದನ್ನು ಬರೆದಾಗ ಹೆಕ್ಕುವ ಯಂತ್ರ ಇನ್ನೂ ಬಂದಿರಲಿಲ್ಲ. ಯಾವನೋ ವಕೀಲ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದಿಟ್ಟಿದ್ದ.

ಫಕ್ಕೀರವ್ವ ನನ್ನ ಎರಡನೆಯ ವರ್ಷದ ತಂಡದವಳು. ಗದಗ ಬೆಟಗೇರಿಯ ಒಂದು ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆಂಟು. ಗಂಡ ತೀರಿಕೊಂಡಿದ್ದ, ಒಬ್ಬಳು ಮಗಳಿದ್ದಳು. ನೆರೆಹೊರೆಯವರಿಗೆ ಗೋವಾಕ್ಕೆ ದುಡಿಯಲು ಹೋಗುತ್ತೇನೆಂದು ಹೇಳಿ ಬಂದು, ಹತ್ತು ತಿಂಗಳು ನಮ್ಮ ವಸತಿಗೃಹದಲ್ಲಿದ್ದು, ಧಾರವಾಡದ ಇನಾಮದಾರ ದಂಪತಿಗಳ ಹೆಣ್ಣು ಕೂಸನ್ನು ಹೆತ್ತುಕೊಟ್ಟಳು. ಅಂಡವೂ ಅವರದು, ವೀರ್ಯವೂ ಅವರದು. ಕೂಸನ್ನು ಅವಳಿಗೆ ತೋರಿಸುವ ಪದ್ಧತಿ ಇರಲಿಲ್ಲ. ಎದೆಹಾಲು ಬತ್ತಲು ಸೂಜಿ ಕೊಟ್ಟು ಆರನೆಯ ದಿನ ಬಸ್ಸು ಹತ್ತಿಸಿದೆವು.

ಒಂಬತ್ತು ವರ್ಷಗಳ ನಂತರ ಒಂದು ಬೆಳಿಗ್ಗೆ ನಮ್ಮ ನಿರ್ದೇಶಕ ಡಾಕ್ಟರ್ ಕೊಣ್ಣೂರ ನನ್ನನ್ನು ಕರೆಸಿದರು. ಆ ಇನಾಮದಾರರ ಮಗಳು ತಾರಿಣಿಗೆ ಮಜ್ಜೆ ಬತ್ತಿಹೋಗುವ ಕಾಯಿಲೆ. ಮೈಯಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ಯಾರ ಮಜ್ಜೆಯೂ ಅವಳಿಗೆ ಹೊಂದಲಿಲ್ಲ. ಹುಟ್ಟಿದಾಗ ತೆಗೆದಿಟ್ಟಿದ್ದ ಹೊಕ್ಕುಳಬಳ್ಳಿಯ ರಕ್ತ ಆಗುತ್ತಿತ್ತು, ಆದರೆ ಅದನ್ನಿಟ್ಟಿದ್ದ ಬ್ಯಾಂಕು ದಿವಾಳಿಯಾಗಿ ಫ್ರಿಜ್ಜಿನ ಕರೆಂಟು ಕಿತ್ತು ಮೂರು ವರ್ಷವಾಗಿತ್ತು. ಕಾಯಿಲೆ ಬರುವ ಮುಂಚಿನ ತಾರಿಣಿ, ಅವಳ ಆರೋಗ್ಯವಂತ ಮೂಲ ಕೋಶಗಳು, ಈ ಭೂಮಿಯ ಮೇಲೆ ಉಳಿದಿರಬಹುದಾದ ಜಾಗ ಒಂದೇ.

“ಆಕೀನ ಹುಡುಕಿ ತರ್ರಿ” ಎಂದರು ಡಾಕ್ಟರು.

ಹುಡುಕುವುದೇನಿತ್ತು? ಫಕ್ಕೀರವ್ವ ಅದೇ ರೊಟ್ಟಿ ಕೇಂದ್ರದಲ್ಲಿ ಅದೇ ಒಲೆಯ ಮುಂದೆ ಕೂತಿದ್ದಳು. ನನ್ನನ್ನು ಕಂಡವಳೇ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಅಯ್ಯ, ಅಕ್ಕಾರು! ಕುಂದರ್ರಿ, ಬಿಸಿ ರೊಟ್ಟಿ ತಿನ್ರಿ” ಎಂದಳು. ತಿಂದೆ. ತಿಂದ ಮೇಲೆ ವಿಷಯ ಹೇಳಿದೆ. ಕೂಸು ಸಾಯುತ್ತಿದೆ ಎಂದಷ್ಟೇ ಅವಳಿಗೆ ಕೇಳಿಸಿತು ಅಂತ ಕಾಣುತ್ತದೆ. ಮರುದಿನವೇ ಹುಬ್ಬಳ್ಳಿಗೆ ಬಂದಳು.

ಯಂತ್ರದ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಇಮ್ತಿಯಾಜ್ ಎಂಬ ತಂತ್ರಜ್ಞ. ಅವನು ಮೊದಲು ಅವಳಿಗೆ ಒಂದು ಬಣ್ಣದ ಮದ್ದು ಕೊಟ್ಟು ಮೈಯೆಲ್ಲ ಸ್ಕ್ಯಾನ್ ಮಾಡಿದ. ಮಗುವಿನ ಕೋಶವಿದ್ದ ಕಡೆಯಲ್ಲೆಲ್ಲ ಪರದೆಯ ಮೇಲೆ ಹಸಿರು ಚುಕ್ಕೆ ಬೀಳಬೇಕು. ಸೊಂಟದ ಎಲುಬಿನಲ್ಲಿ, ಬೆನ್ನಿನಲ್ಲಿ ಚುಕ್ಕೆಗಳಿದ್ದವು. ಎದೆಯ ಎಡಗಡೆ ಮಾತ್ರ ಚುಕ್ಕೆಯಲ್ಲ, ಅಂಗೈಯಗಲದ ಒಂದು ಹಸಿರು ತೇಪೆಯೇ ಇತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು. ಹೆರಿಗೆಯಾದ ಹೊಸತರಲ್ಲಿ ಕೆಲವರಿಗೆ ಹೃದಯದ ಗೋಡೆ ತೆಳ್ಳಗಾಗಿ ಹಿಗ್ಗುವ ಕಾಯಿಲೆ ಬರುತ್ತದೆ, ಇವಳಿಗೂ ಬಂದಿರಬೇಕು, ಮಗುವಿನ ಕೋಶಗಳು ಅಲ್ಲಿಗೆ ಹೋಗಿ ಹೃದಯದ ಸ್ನಾಯುವಾಗಿ ಬೆಳೆದು ಆ ಗೋಡೆಯನ್ನು ಕಟ್ಟಿವೆ ಎಂದರು. ಫಕ್ಕೀರವ್ವನನ್ನು ಕೇಳಿದೆ.

“ಹೌದ್ರಿ, ಆವಾಗ ನಾಕ ಹೆಜ್ಜಿ ಇಟ್ರ ತೇಕು ಹತ್ತತಿತ್ತು. ಕಾಲು ಬಾತಿದ್ದೂ. ಆರು ತಿಂಗಳಿಗೆ ತಾನ ಆರಾಮ ಆತು. ಶಿರಹಟ್ಟಿ ಅಜ್ಜಗ ಹರಕಿ ಹೊತ್ತಿದ್ನಿ, ಅಂವ ಕಾಯ್ದ ಅಂತ ತಿಳಕೊಂಡಿದ್ನಿ.”

“ಕಾಯ್ದದ್ದು ಕೂಸವ್ವ” ಎಂದು ಪರದೆ ತೋರಿಸಿದೆ. ಅವಳು ಆ ಹಸಿರನ್ನು ನೋಡಿದಳು, ತನ್ನ ಕುಬಸದ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ನನ್ನವ್ವಾ, ಇಷ್ಟ ದಿನ ಇಲ್ಲೇ ಕುಂತಿದ್ದೇನ ನೀ?” ಎಂದಳು. ನನ್ನ ಕಣ್ಣು ತುಂಬಿ ಬಂತು. ಇಮ್ತಿಯಾಜ್ ಸುಮ್ಮನೆ ಏನೋ ಗುಂಡಿ ಒತ್ತುವವನಂತೆ ಆ ಕಡೆ ತಿರುಗಿದ.

ಕೆಲಸ ಹೇಗೆಂದರೆ, ಸೂಜಿಯ ಮೂಲಕ ಒಂದು ಎಬ್ಬಿಸುವ ಮದ್ದು ಕೊಡುತ್ತಾರೆ. ಬೀಡುಬಿಟ್ಟ ಕೋಶಗಳು ಅದರಿಂದ ಸಡಿಲಾಗಿ ರಕ್ತಕ್ಕೆ ಬೀಳುತ್ತವೆ. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಯಂತ್ರ ಮಗುವಿನ ಕೋಶಗಳನ್ನು ಗುರುತಿಸಿ ಹೆಕ್ಕಿಕೊಂಡು ಉಳಿದದ್ದನ್ನು ಇನ್ನೊಂದು ತೋಳಿಗೆ ಹಿಂದಿರುಗಿಸುತ್ತದೆ. ಮೊರದಲ್ಲಿ ಕೇರಿದ ಹಾಗೆ. ಮದ್ದಿನ ಪ್ರಮಾಣ ಕಡಿಮೆಯಿದ್ದರೆ ಮಜ್ಜೆಯ ಕೋಶಗಳು ಮಾತ್ರ ಏಳುತ್ತವೆ, ಹೆಚ್ಚಿದರೆ ಹೃದಯದವೂ ಏಳುತ್ತವೆ. ತಾರಿಣಿಗೆ ಬೇಕಾದದ್ದು ಎರಡು ಸುತ್ತು, ಕಡಿಮೆ ಮದ್ದಿನವು. ಎರಡು ಸುತ್ತಿನ ನಡುವೆ ಹನ್ನೊಂದು ದಿನದ ಬಿಡುವು.

ಇದಕ್ಕೆ ನಿನಗೇನು ಬೇಕು ಎಂದು ಡಾಕ್ಟರು ಕೇಳಿದರು. ದುಡ್ಡು ಕೇಳುತ್ತಾಳೆ, ಇಲ್ಲವೇ ಕೂಸನ್ನು ನೋಡಬೇಕು ಎನ್ನುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಫಕ್ಕೀರವ್ವ ಎರಡನ್ನೂ ಕೇಳಲಿಲ್ಲ.

“ನನಗ ಬಾಣಂತನ ಮಾಡ್ರಿ” ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ.

“ಆರನೇ ದಿನಕ್ಕ ಬಸ್ ಹತ್ತಿಸಿದ್ರಿ. ಮಂದಿಗೆ ಗೋವಾದಿಂದ ಬಂದೇನಿ ಅಂತ ಹೇಳಿದ್ನಿ. ಗೋವಾದಿಂದ ಬಂದಾಕಿಗೆ ಯಾರ ಎಣ್ಣಿ ಹಚ್ಚತಾರ್ರಿ? ತಣ್ಣೀರಾಗ ಮುಸುರಿ ತಿಕ್ಕಿನಿ. ಕಿವಿಗೆ ಹತ್ತಿ ಅಳ್ಳಿ ಇಟ್ಕೊಂಡ್ರ ಮಂದಿ ಕೇಳತಾರ ಅಂತ ಅದನ್ನೂ ಇಟ್ಕೊಳ್ಳಲಿಲ್ಲ. ಹಡದವ್ವ ಅದ ಮನ್ಯಾಗ ಇದ್ಲು, ಆಕೀಗೂ ಹೇಳಲಿಲ್ಲ. ಈಗ ಆಕಿ ಇಲ್ಲ. ಬಸರು ಬಾಡಗೀದು ಇರ್ಲಿ, ಹೊಟ್ಟಿ ಹರದದ್ದು ನಂದು ಅಲ್ಲೇನ್ರಿ? ಈ ನಡುವಿನ ಹನ್ನೊಂದು ದಿನ, ಕೂಸು ಯಾರದೈತೋ ಆ ಹೆಣಮಗಳು ಬಂದು ತನ್ನ ಕೈಲೆ ನನಗ ಎಣ್ಣಿ ಹಚ್ಚಿ ಎರೀಲಿ. ಮತ್ತೇನೂ ಬ್ಯಾಡ.”

ಅದನ್ನು ನಾನು ಬರೆದುಕೊಂಡೆ. ಇನಾಮದಾರ ದಂಪತಿ ಹಿಂದೆ ಮುಂದೆ ನೋಡದೆ ಒಪ್ಪಿ ಸಹಿ ಹಾಕಿದರು. ಮಗಳು ಸಾಯುತ್ತಿರುವಾಗ ಯಾರು ಏನಕ್ಕೆ ಒಪ್ಪುವುದಿಲ್ಲ?

ಮೊದಲ ಸುತ್ತು ಸುಸೂತ್ರವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ವಸತಿಗೃಹದ ಕೋಣೆಯಲ್ಲಿ ಫಕ್ಕೀರವ್ವ ತಲೆಗೂದಲು ಬಿಚ್ಚಿಕೊಂಡು ಮಣೆಯ ಮೇಲೆ ಕಾಯುತ್ತಾ ಕೂತಿದ್ದಳು. ಒಂಬತ್ತೂವರೆಗೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಳು. ಗುಲಾಬಿ ಬಣ್ಣದ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಬಿಲ್ಲೆ, ಕೈಯಲ್ಲೊಂದು ಚಕ್ರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಎಣ್ಣೆಯ ಸೀಸೆಗಳು, ಅಂಟಿನುಂಡೆಯ ಡಬ್ಬಿ, ಕರೆಂಟಿನ ಧೂಪದಾನಿ.

“ನಮಸ್ಕಾರ ಮೇಡಂ. ಇನಾಮದಾರ ಮೇಡಂ ಅವರ ಪರವಾಗಿ ಬಂದಿದ್ದೇನೆ. ನಿಮಗೆ ಹನ್ನೊಂದು ದಿನದ ಬೆಳ್ಳಿ ಪ್ಯಾಕೇಜ್ ಬುಕ್ ಆಗಿದೆ” ಎಂದಳು ಅವಳು.

ಫಕ್ಕೀರವ್ವ ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಹಡಿಯಾಕ ನಾನು, ಎರಿಯಾಕ ಈಕಿ! ಹಂಗಾರ ಆಕಿ ಪಾಲಿಗೆ ಏನ ಉಳೀತ್ರಿ ಅಕ್ಕಾರ?” ಎಂದಳು. ಸಮವಸ್ತ್ರದ ಹುಡುಗಿಗೆ ಅಳು ಬರುವಂತಾಗಿ, ತನ್ನದೇನಾದರೂ ತಪ್ಪಾಯಿತೇ ಎಂದು ಕೇಳಿದಳು. “ನಿಂದೇನೂ ತಪ್ಪಿಲ್ಲವ್ವ, ನಿನಗೂ ಹೊಟ್ಟಿ ಐತಿ” ಎಂದು ಫಕ್ಕೀರವ್ವ ಅವಳ ಕೈಗೇ ಎರಡು ಅಂಟಿನುಂಡೆ ಕೊಟ್ಟು ಕಳಿಸಿದಳು. ಎಣ್ಣೆಯನ್ನು ಮುಟ್ಟಿಸಿಕೊಳ್ಳಲಿಲ್ಲ. ಹನ್ನೊಂದು ದಿನವೂ ತಾನೇ ಬಕೆಟ್ಟು ತುಂಬಿಕೊಂಡು ಮಿಂದಳು.

ನಾನು ಸಿಟ್ಟಿನಲ್ಲಿ ಧಾರವಾಡಕ್ಕೆ ಹೋದೆ. ಋತಾ ಇನಾಮದಾರ ಆಸ್ಪತ್ರೆಯ ಗಾಜಿನ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದಳು. ಒಳಗೆ ಕೂದಲುದುರಿದ ಹುಡುಗಿಯೊಬ್ಬಳು ಬಣ್ಣದ ಪುಸ್ತಕ ಮಗುಚುತ್ತಿದ್ದಳು. ಬೈಯಬೇಕೆಂದು ಹೋದವಳಿಗೆ ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ನೀವು ಎಂದಷ್ಟೇ ಕೇಳಿದೆ.

“ಎರಡ ಸಲ ಕಾರ್ ಹತ್ತಿದೆ ಮೇಡಂ. ನವಲೂರಿನ ತನಕಾ ಬಂದು ತಿರುಗಿ ಹೋದೆ” ಎಂದಳು ಋತಾ. “ನಾ ಅಲ್ಲಿ ಬಂದು ಆಕಿಗೆ ಎಣ್ಣಿ ಹಚ್ಚಿ ಎರದ್ರ, ಹಡದಾಕಿ ಆಕೀನ ಅಂತ ನಾನ ಒಪ್ಪಿಕೊಂಡ್ಹಂಗ ಆಗ್ತದ. ಒಂಬತ್ತು ವರ್ಷ ನಾ ಹಂಗ ಒಂದ ದಿನಾ ಅನಕೊಂಡಿಲ್ಲ. ಒಮ್ಮೆ ಅನಕೊಂಡ್ರ ಆಮ್ಯಾಲ ಈಕಿ ಮಾರಿ ಹ್ಯಾಂಗ ನೋಡ್ಲಿ?”

ನನಗೆ ಅವಳ ಮೇಲೆ ಕನಿಕರವೂ ಬಂತು, ಹೇಸಿಗೆಯೂ ಬಂತು. ಬಸ್ಸು ಹತ್ತಿ ವಾಪಸು ಬಂದೆ.

ಬಾಣಂತನ ಇಲ್ಲದಿದ್ದರೂ ಫಕ್ಕೀರವ್ವ ಎರಡನೆಯ ಸುತ್ತಿಗೆ ತೋಳು ಚಾಚಿದಳು. ಅವಳು ಒಲ್ಲೆ ಎನ್ನಬಹುದಿತ್ತು. “ಆಕಿ ಬರಲಿಲ್ಲ ಅಂತ ಕೂಸಿಗೆ ಸಿಟ್ಟು ತೋರಸ್ಲೇನ್ರಿ?” ಎಂದಳು. ಮೂರು ವಾರದಲ್ಲಿ ತಾರಿಣಿಯ ಮೈಯಲ್ಲಿ ಹೊಸ ರಕ್ತ ಹುಟ್ಟತೊಡಗಿತು. ಇಮ್ತಿಯಾಜ್ ಇಡೀ ಸಂಸ್ಥೆಗೆ ಪೇಡೆ ಹಂಚಿದ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಪೇಡೆಯ ಸಿಹಿ ಆರುವ ಮುಂಚೆ ಇನಾಮದಾರರ ವಕೀಲನ ಕಾಗದ ಬಂತು. ಮೂರನೆಯ ಸುತ್ತು ಬೇಕು, ಹೆಚ್ಚಿನ ಮದ್ದಿನದು. ಕಾಯಿಲೆ ಮರುಕಳಿಸಿದರೆ ಇರಲಿ ಎಂದು ಉಳಿದ ಕೋಶಗಳನ್ನೆಲ್ಲ ತೆಗೆದು ಶೈತ್ಯಾಗಾರದಲ್ಲಿ ಇಡತಕ್ಕದ್ದು, ಮೂವತ್ತೊಂದನೆಯ ಕಲಂ ಪ್ರಕಾರ. ಉಳಿದ ಕೋಶಗಳು ಎಂದರೆ ಆ ಹಸಿರು ತೇಪೆ.

ಫಕ್ಕೀರವ್ವನಿಗೆ ನಾನೇ ಹೇಳಬೇಕಾಯಿತು. ಅವಳು ಮೊದಲ ಸಲ ಒಲ್ಲೆನೆಂದು ತಲೆಯಾಡಿಸಿದಳು. “ಸಾಯೂ ಕೂಸಿಗೆ ಕೊಟ್ನಿ. ಡಬ್ಬಿಯೊಳಗ ಇಡಾಕ ನನ್ನ ಎದಿ ಕಿತ್ತು ಕೊಡಂಗಿಲ್ರಿ. ಇದು ಅವರದಲ್ಲ. ಅದು ತಾನಾಗಿ ಬಂದು ನನ್ನ ಹತ್ರ ಕುಂತದ್ದು” ಎಂದು ಬೆಟಗೇರಿಗೆ ಹೊರಟುಹೋದಳು.

ಇಂಥ ವ್ಯಾಜ್ಯಗಳಿಗೆಂದೇ ಮೂವರ ಮಂಡಳಿಯಿತ್ತು. ವಿಚಾರಣೆಯ ಹಿಂದಿನ ದಿನ ಡಾಕ್ಟರ್ ಕೊಣ್ಣೂರ ನನ್ನನ್ನು ಕೂರಿಸಿಕೊಂಡು ಚಹಾ ತರಿಸಿದರು. ಮಂಡಳಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಆ ಕಲಮನ್ನು ಅವಳಿಗೆ ಓದಿ ಹೇಳಿದಿರಾ, ಇಲ್ಲವಾ? ಓದಿಲ್ಲವೆಂದರೆ ಕಲಂ ಬಿದ್ದುಹೋಗುತ್ತದೆ, ಅವಳ ಹೃದಯ ಅವಳಿಗೆ ಉಳಿಯುತ್ತದೆ.

“ಓದಿಲ್ಲ ಅಂದ್ರ, ನಿಮ್ಮ ಸೈ ಇರೂ ಆರನೂರು ಒಪ್ಪಂದನೂ ಸುಳ್ಳಾಗ್ತಾವ್ರಿ ಪ್ರಫುಲ್ಲಾ ಮೇಡಂ. ಸುಳ್ಳು ಸೈಗೆ ಮೂರು ವರ್ಷ ಜೇಲು. ನಿವೃತ್ತಿಗೆ ನಾಕ ತಿಂಗಳಿರೂವಾಗ ನೀವ ವಿಚಾರ ಮಾಡ್ರಿ” ಎಂದರು ಡಾಕ್ಟರು. ದನಿ ಏರಿಸಲಿಲ್ಲ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

“ಮೂರನೇ ಸುತ್ತಿಗೆ ಆಕಿ ಬದುಕತಾಳೇನ್ರಿ ಸರ್?” ಎಂದು ಕೇಳಿದೆ.

“ಬದುಕತಾಳ. ಗುಳಿಗಿ ಅದಾವಲ್ಲ” ಎಂದರು.

ಮನೆಗೆ ಹೋಗಿ ಅಡುಗೆ ಮಾಡಿ ಗಂಡನಿಗೆ ಬಡಿಸಿದೆ. ನನ್ನ ಮುಖ ನೋಡಿ ಅವರು ಏನೆಂದು ಕೇಳಿದರು. ಹೇಳಿದೆ. ಅವರು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿದವರು, ಯಾವತ್ತೂ ಒಂದು ಸುಳ್ಳು ಆಡಿದವರಲ್ಲ. ಊಟ ಮುಗಿಸಿ ಕೈ ತೊಳೆದು ಬಂದು, “ಆ ಹೆಂಗಸಿಗೆ ನೆನಪಿರ್ತದ ಅಂತೀ?” ಎಂದರು. ಆ ಪ್ರಶ್ನೆಯಲ್ಲೇ ನಮ್ಮಿಬ್ಬರ ತೀರ್ಮಾನವೂ ಆಗಿಹೋಗಿತ್ತು.

ಮಂಡಳಿಯ ಕೋಣೆಯಲ್ಲಿ ಫಕ್ಕೀರವ್ವ ನನ್ನ ಎದುರಿಗೇ ಕೂತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು, ಹಣೆಗೆ ವಿಭೂತಿ. ನನ್ನನ್ನು ಕಂಡು ನಕ್ಕಳು. ನಾನು ಬಂದದ್ದೇ ಅವಳಿಗೆ ಧೈರ್ಯ. ಅಧ್ಯಕ್ಷರು ಕಾಗದ ತೋರಿಸಿ, ಇದು ನಿಮ್ಮ ಸಹಿಯೇ ಎಂದು ಕೇಳಿದರು. ಹೌದೆಂದೆ. ಮೂವತ್ತೊಂದನೆಯ ಕಲಮನ್ನು ಈಕೆಗೆ ಓದಿ ತಿಳಿಸಿದ್ದಿರಾ ಎಂದು ಕೇಳಿದರು.

“ಓದಿದ್ದೆ” ಎಂದೆ.

ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ದನಿ ನಡುಗಲಿಲ್ಲ ಎಂಬುದು ಈಗಲೂ ನನಗೆ ಅಸಹ್ಯ ಹುಟ್ಟಿಸುತ್ತದೆ.

ಅಧ್ಯಕ್ಷರು ಫಕ್ಕೀರವ್ವನ ಕಡೆ ತಿರುಗಿ, ಅವರು ಓದಿಲ್ಲವೆಂದು ನೀನು ಹೇಳುತ್ತೀಯೇನಮ್ಮ ಎಂದು ಕೇಳಿದರು. ಅವಳು ನನ್ನನ್ನು ನೋಡಿದಳು. ಕಣ್ಣು ಕಿರಿದು ಮಾಡಿ, ಒಂಬತ್ತು ವರ್ಷದ ಹಿಂದಿನ ಆ ಜಮಖಾನೆಯನ್ನು, ಆ ಬುತ್ತಿಯನ್ನು ನೆನಪಿಸಿಕೊಳ್ಳಲು ಹೆಣಗುತ್ತಿದ್ದಳು.

“ನನಗ ನೆನಪಿಲ್ರಿ ಸಾಹೇಬ್ರ” ಎಂದಳು. “ಆದ್ರ ಅಕ್ಕಾರು ಓದೇನಿ ಅಂದ್ರ ಓದಿರಬೇಕ್ರಿ. ಅವರು ಸುಳ್ಳು ಹೇಳೂವರಲ್ಲ. ನಮ್ಮ ಸಂಗಾಟ ಊಟಾ ಮಾಡಿದವರು.”

ತೀರ್ಪು ಹತ್ತು ನಿಮಿಷದಲ್ಲಿ ಬಂತು.

ಮೂರನೆಯ ಸುತ್ತಿನ ದಿನ ನಾನು ಇಮ್ತಿಯಾಜನ ಬೆನ್ನ ಹಿಂದೆ ನಿಂತಿದ್ದೆ. ಗಾಜಿನ ಆಚೆ ಫಕ್ಕೀರವ್ವ ಎರಡೂ ತೋಳು ಚಾಚಿ ಮಲಗಿದ್ದಳು. ಪರದೆಯ ಎಡಗಡೆ ಉಳಿದ ಕೋಶಗಳ ಲೆಕ್ಕ ಇಳಿಯುತ್ತಿತ್ತು, ಬಲಗಡೆ ಅವಳ ಹೃದಯದ ಬಲ ಇಳಿಯುತ್ತಿತ್ತು. ಸುರುವಿನಲ್ಲಿ ನೂರಕ್ಕೆ ಐವತ್ತೆಂಟು, ಗಟ್ಟಿಮುಟ್ಟಾದ ಹೃದಯದ ಅಂಕಿ. ಒಂದು ಗಂಟೆಗೆ ಐವತ್ತು. ಹಸಿರು ತೇಪೆಯ ಅಂಚು ಸವೆಯತೊಡಗಿತು. ನಲವತ್ತಮೂರಕ್ಕೆ ಬಂದಾಗ ನಾನು ಸಾಕು ನಿಲ್ಲಿಸು ಎಂದೆ.

“ನಿಲ್ಲಸೂ ಗುಂಡಿ ನನ್ನ ಹತ್ರ ಇಲ್ಲ ಮೇಡಂ” ಎಂದ ಇಮ್ತಿಯಾಜ್. “ಪೂರ್ತಿ ಅಂತ ಐತಲ್ಲ. ಉಳಿಕಿ ಸೊನ್ನಿ ಆಗೂತನಕ ಇದು ನಿಲ್ಲಂಗಿಲ್ಲ. ಎದಿ ಬಡಿತ ನಿಂತ್ರ ಅಷ್ಟ ನಿಲ್ಲತೈತಿ.” ಪರದೆಯಿಂದ ಕಣ್ಣು ತೆಗೆಯದೆ ಮತ್ತೆ ಅಂದ, “ಓದೇನಿ ಅಂದೀರಲ್ಲ, ಗೊತ್ತಿತ್ತಲ್ಲ ನಿಮಗ.”

ಇಪ್ಪತ್ತೆಂಟಕ್ಕೆ ಯಂತ್ರ ನಿಂತಿತು. ಉಳಿಕೆ ಸೊನ್ನೆ. ಹೆಬ್ಬೆರಳಿನಷ್ಟು ದೊಡ್ಡ ನಳಿಗೆಯಲ್ಲಿ ಅವಳ ಹೃದಯದ ಗೋಡೆಯನ್ನು ತುಂಬಿ, ಚೀಟಿ ಅಂಟಿಸಿ, ಶೈತ್ಯಾಗಾರಕ್ಕೆ ಒಯ್ದರು.

ನಾಲ್ಕು ತಿಂಗಳ ನಂತರ ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಆರುನೂರು ಹೆಂಗಸರಿಗೆ ದಾರಿ ತೋರಿಸಿದವಳು ಎಂದು ಡಾಕ್ಟರು ಭಾಷಣ ಮಾಡಿದರು. ಮರುವಾರ ನಾನು ಬೆಟಗೇರಿಗೆ ಹೋದೆ. ಚೀಲದಲ್ಲಿ ಎಣ್ಣೆ, ಲೋಬಾನ, ಅಳವಿ ಬೀಜ, ಅಂಟಿನುಂಡೆ, ಬಾಣಂತನದ ಸಾಮಾನೆಲ್ಲ. ಕಳ್ಳಿಗೆ ಪಿಳ್ಳೆ ನೆವ ಎನ್ನುತ್ತಾರಲ್ಲ, ನನ್ನ ನೆವ ಆ ಎಣ್ಣೆ ಸೀಸೆ.

ಫಕ್ಕೀರವ್ವ ಬಾಗಿಲ ಬಳಿ ಗೋಡೆಗೆ ಮೂರು ದಿಂಬು ಒತ್ತಿಕೊಂಡು ಕೂತಿದ್ದಳು. ಕಾಲು ಬಾತು ಹೊಳೆಯುತ್ತಿತ್ತು. ರೊಟ್ಟಿ ಕೇಂದ್ರ ಬಿಟ್ಟು ಮೂರು ತಿಂಗಳಾಗಿತ್ತು. ಮಗಳು ಗಂಡನ ಮನೆಯಿಂದ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳಂತೆ.

“ಕೂಸು ಹೆಂಗೈತ್ರಿ?” ಅದು ಅವಳ ಮೊದಲ ಮಾತು.

“ಚಲೋ ಐತಿ. ಸಾಲಿಗೆ ಹೊಂಟೈತಿ” ಎಂದೆ. ಅದು ನಿಜವಾಗಿತ್ತು. ಶೈತ್ಯಾಗಾರದಲ್ಲಿದ್ದ ಆ ಕೋಶಗಳನ್ನು ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ, ಬರುವುದೂ ಇಲ್ಲವಂತೆ.

ಚೀಲದಿಂದ ಎಣ್ಣೆ ತೆಗೆದೆ. ಅವಳು ಸೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಒಲ್ಲೆನೆನ್ನಲಿಲ್ಲ. ಒಲೆ ಹೊತ್ತಿಸಿ ನೀರಿಟ್ಟೆ. ಬೆನ್ನಿಗೆ ಎಣ್ಣೆ ಹಚ್ಚುವಾಗ ಒಂದೊಂದು ಎಲುಬೂ ಕೈಗೆ ಸಿಗುತ್ತಿತ್ತು. ಎರಡು ಸಲ ತೇಕು ಹತ್ತಿ ಅವಳು ಕೈಯೆತ್ತಿದಳು, ನಾನು ನಿಲ್ಲಿಸಿ ಕಾದೆ. ಬಚ್ಚಲಿಗೆ ಕರೆದೊಯ್ದು ಮಣೆಯ ಮೇಲೆ ಕೂರಿಸಿ ಬಿಸಿನೀರು ಹುಯ್ಯತೊಡಗಿದೆ. ಹಾಯೆನಿಸಿತೇನೋ, ಕಣ್ಣು ಮುಚ್ಚಿಕೊಂಡಳು.

“ಅಕ್ಕಾರ” ಎಂದಳು, ಕಣ್ಣು ತೆರೆಯದೆ. “ಆ ಕಲಮಿನ್ಯಾಗ ಏನ ಬರದೈತ್ರಿ? ಒಮ್ಮೆ ಓದ್ರಲ್ಲ, ಕೇಳೂಣು.”

ಕಾಗದ ಬೇಕಾಗಿರಲಿಲ್ಲ, ಅದು ನನಗೆ ಬಾಯಿಪಾಠವಾಗಿಬಿಟ್ಟಿತ್ತು. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಕೂಸಿನ ಕಣಗಳು ನಿನ್ನ ಮೈಯಲ್ಲಿ ಉಳಿದಿದ್ದರೆ ಅವು ನಿನ್ನವಲ್ಲ, ಕೂಸಿನ ಅಪ್ಪ ಅವ್ವನವು. ಅವರು ಯಾವಾಗ ಕೇಳಿದರೂ ಕೊಡಬೇಕು, ಎಲ್ಲ ಕೊಡಬೇಕು. ಅದರಿಂದ ನಿನ್ನ ಮೈಗೆ ಏನಾದರೂ ಸಂಸ್ಥೆ ಹೊಣೆಯಲ್ಲ. ಇಷ್ಟು. ಅವಳ ಮಾತಿನಲ್ಲಿ, ಅವಳಿಗೆ ತಿಳಿಯುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದೆ.

ಫಕ್ಕೀರವ್ವ ಪೂರ್ತಿ ಕೇಳಿಸಿಕೊಂಡಳು.

“ಮುಗೀತೇನ್ರಿ? ಇಷ್ಟ ಏನು?” ಎಂದಳು. “ಇದನ್ನ ಓದಾಕ ನಿಮಗ ಎಷ್ಟ ಹೊತ್ತು ಹಿಡೀತಿತ್ರಿ, ಅಕ್ಕಾರ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ನಾನು ಹಂಡೆಯಿಂದ ಇನ್ನೊಂದು ತಂಬಿಗೆ ಮೊಗೆದು ಅವಳ ಹೆಗಲ ಮೇಲೆ ಹುಯ್ದೆ.